ಬೇಸಿಗೆ ರಜೆಯಲ್ಲಿ ಹಂಪಿ: ಪುಟ್ಟ ಮಕ್ಕಳ ಜೊತೆ ನಾಲ್ಕು ದಿನ

ಏಪ್ರಿಲ್, ಮೇ ತಿಂಗಳಲ್ಲಿ ಹಂಪಿಗೆ ಹೋಗಬೇಡಿ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಮಧ್ಯಾಹ್ನದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ, ಎಲ್ಲಿ ನೋಡಿದರೂ ಬಂಡೆ. ಹಗಲೆಲ್ಲ ಕಾದ ಬಂಡೆ ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಲೇ ಇರುತ್ತದೆ. ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಗೆ ಉದ್ದನೆಯ ರಜೆ ಸಿಗುವುದೇ ಆಗ. ಹೋಗುವುದೇ ಆದರೆ ನಕ್ಷೆಗಿಂತ ಮೊದಲು ಗಡಿಯಾರ ಮುಂದಿಟ್ಟುಕೊಂಡು ಕಾರ್ಯಕ್ರಮ ಹಾಕಿ. ಬೆಳಗ್ಗೆ ಹತ್ತೂವರೆಯೊಳಗೆ ಒಂದು ಸುತ್ತು, ಸಂಜೆ ನಾಲ್ಕರ ನಂತರ ಇನ್ನೊಂದು ಸುತ್ತು, ನಡುವಿನ ಹೊತ್ತೆಲ್ಲ ನೆರಳು, ಊಟ, ನಿದ್ದೆ. ಹೀಗೆ ಮಾಡಿದರೆ ದಿನಕ್ಕೆ ಐದಾರು ಗಂಟೆ ಸಿಗುತ್ತದೆ. ನಾಲ್ಕರಿಂದ ಹತ್ತು ವರ್ಷದ ಮಕ್ಕಳಿಗೆ ಅದು ಧಾರಾಳ ಸಾಕು.

"ಒಂದೇ ದಿನದಲ್ಲಿ ಹಂಪಿ ದರ್ಶನ" ಎನ್ನುವ ಪ್ಯಾಕೇಜುಗಳು ಮಕ್ಕಳಿಗೆ ಹೇಳಿಸಿದ್ದಲ್ಲ. ಹನ್ನೊಂದು ಗಂಟೆಗೆ ಮಗು ಕೆಂಪಗಾಗಿ ಕೂತುಬಿಡುತ್ತದೆ, ಆಮೇಲಿನದ್ದೆಲ್ಲ ಎತ್ತಿಕೊಂಡು ಓಡಾಟ. ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಬಿಸಿಯಾಗುತ್ತದೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು, ಬೆವರುವುದು ಕಡಿಮೆ. "ನಮಗೇ ಏನೂ ಅನ್ನಿಸುತ್ತಿಲ್ಲವಲ್ಲ" ಎಂಬ ಅಳತೆ ಅವರಿಗೆ ಹೊಂದುವುದಿಲ್ಲ.

ಇಲ್ಲಿರುವ ನಾಲ್ಕು ದಿನದ ಕ್ರಮ ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ, ಹೊಸಪೇಟೆಯಲ್ಲಿ ಇಳಿದು, ನಾಲ್ಕನೇ ದಿನ ರಾತ್ರಿ ಮತ್ತೆ ರೈಲು ಹತ್ತುವ ಕುಟುಂಬಕ್ಕೆ ಹೊಂದಿಸಿದ್ದು. ಕಾರಿನಲ್ಲಿ ಬರುವವರಿಗೂ ಇದೇ ಕ್ರಮ ನಡೆಯುತ್ತದೆ.

ಹೊರಡುವ ಮುನ್ನ

ಮೊದಲು ರೈಲು. ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ (2024ರ ನವೆಂಬರ್‌ವರೆಗೆ 120 ದಿನ ಇತ್ತು). ಬೇಸಿಗೆ ರಜೆಯಲ್ಲಿ ಹಂಪಿ ಎಕ್ಸ್‌ಪ್ರೆಸ್‌ನ ಸೀಟುಗಳು ಬೇಗ ಮುಗಿಯುತ್ತವೆ, ಆದ್ದರಿಂದ ಬುಕಿಂಗ್ ತೆರೆಯುವ ದಿನವನ್ನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಹೋಗುವ ಟಿಕೆಟ್‌ನ ದಿನವೇ ಬರುವ ಟಿಕೆಟ್ ಸಿಗುವುದಿಲ್ಲ, ನಾಲ್ಕು ದಿನ ಬಿಟ್ಟು ಮತ್ತೆ ಕೂರಬೇಕು. ಹಲವರು ಇದನ್ನು ಮರೆತು ವಾಪಸ್ ಬರುವಾಗ ಪರದಾಡುತ್ತಾರೆ. ಐದು ವರ್ಷ ತುಂಬದ ಮಗುವಿಗೆ ಬರ್ತ್ ಬೇಡವೆಂದರೆ ಟಿಕೆಟ್ ಬೇಕಿಲ್ಲ. ಐದರಿಂದ ಹನ್ನೆರಡರೊಳಗಿನ ಮಗುವಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ರಾತ್ರಿ ಪ್ರಯಾಣದಲ್ಲಿ ಆರೇಳು ವರ್ಷದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ಇಬ್ಬರಿಗೂ ನಿದ್ದೆಯಿಲ್ಲ, ಮೊದಲ ದಿನವೇ ಹಾಳು. ಬರ್ತ್ ತೆಗೆದುಕೊಳ್ಳುವುದೇ ಒಳ್ಳೆಯದು.

ದಿನ ಆರಿಸುವಾಗ ಮೂರು ವಿಷಯ ನೋಡಿ. ಚೈತ್ರದ ಹುಣ್ಣಿಮೆಯ ಆಸುಪಾಸು ವಿರೂಪಾಕ್ಷನ ರಥೋತ್ಸವ. ನೋಡುವಂಥ ಜಾತ್ರೆ, ಆದರೆ ಆ ಜನಜಂಗುಳಿಯಲ್ಲಿ ಪುಟ್ಟ ಮಕ್ಕಳನ್ನು ಸಂಭಾಳಿಸುವುದು ಕಷ್ಟ, ರೂಮು ಸಿಗುವುದೂ ಕಷ್ಟ. ಎರಡನೆಯದು, ಕಮಲಾಪುರದ ಪುರಾತತ್ವ ಮ್ಯೂಸಿಯಂಗೆ ಶುಕ್ರವಾರ ರಜೆ. ಕೆಳಗಿನ ಕ್ರಮದಲ್ಲಿ ಎರಡನೇ ದಿನ ಶುಕ್ರವಾರ ಬೀಳದಂತೆ ನೋಡಿಕೊಳ್ಳಿ. ಮೂರನೆಯದು, ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬರಬಹುದು. ತಂಪಾಗುತ್ತದೆ ಎಂಬುದೇನೋ ನಿಜ, ಆದರೆ ಬೋಳು ಬಂಡೆಯ ಮೇಲೆ ನಿಂತಾಗ ಗುಡುಗು ಕೇಳಿದರೆ ತಕ್ಷಣ ಇಳಿಯಬೇಕು.

ಉಳಿದುಕೊಳ್ಳಲು ಹೊಸಪೇಟೆ, ಕಮಲಾಪುರ, ಹಂಪಿ ಊರು, ಹೊಳೆಯಾಚೆಯ ಆನೆಗೊಂದಿ–ಸಾಣಾಪುರ ಕಡೆ, ಹೀಗೆ ಹಲವು ಆಯ್ಕೆಗಳಿವೆ. ಮಕ್ಕಳಿದ್ದರೆ ಕಮಲಾಪುರವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಹಂಪಿ ಬಜಾರಿಗೆ ಅಲ್ಲಿಂದ ನಾಲ್ಕು ಕಿಲೋಮೀಟರಿನಷ್ಟು, ರಾಜಾವರಣ ಇನ್ನೂ ಹತ್ತಿರ, ಮ್ಯೂಸಿಯಂ ಅದೇ ಊರಲ್ಲಿದೆ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲ್ ಮಯೂರ ಭುವನೇಶ್ವರಿ ಇರುವುದೂ ಇಲ್ಲೇ. ಹೊಸಪೇಟೆಯಲ್ಲಿ ರೂಮುಗಳು ಹೆಚ್ಚು, ಆದರೆ ಹಂಪಿಗೆ 12–13 ಕಿಲೋಮೀಟರ್. ದಿನಕ್ಕೆ ಎರಡು ಸಲ ಹೋಗಿ ಬಂದರೆ 50 ಕಿಲೋಮೀಟರ್ ದಾರಿಯಲ್ಲೇ ಕಳೆಯುತ್ತದೆ. ಮಧ್ಯಾಹ್ನ ರೂಮಿಗೆ ಮರಳುವುದೇ ಈ ಪ್ರವಾಸದ ಆಧಾರವಾದ್ದರಿಂದ ರೂಮು ಹತ್ತಿರವಿರಬೇಕು. ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ: ಕರೆಂಟು ಹೋದಾಗ ಎಸಿಗೆ ಜನರೇಟರ್ ಇದೆಯೇ? ಬೆಳಗ್ಗೆ ಆರಕ್ಕೆ ಮಕ್ಕಳಿಗೆ ಹಾಲು, ಬ್ರೆಡ್ಡಾದರೂ ಸಿಗುತ್ತದೆಯೇ?

ಚೀಲಕ್ಕೆ ಹಾಕಿಕೊಳ್ಳುವುದರಲ್ಲಿ ಜನ ಬಿಡುವುದು ಕಾಲುಚೀಲ. ವಿರೂಪಾಕ್ಷ ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟು ಕಲ್ಲುಹಾಸಿನ ಮೇಲೆ ನಡೆಯಬೇಕು. ಹತ್ತು ಗಂಟೆಯ ಮೇಲೆ ಆ ಕಲ್ಲು ಮಗುವಿನ ಅಂಗಾಲು ಸುಡುತ್ತದೆ. ತಲಾ ಎರಡು ಜೊತೆ ದಪ್ಪ ಹತ್ತಿಯ ಕಾಲುಚೀಲ ಇರಲಿ. ಹಿಂದಿನಿಂದ ಪಟ್ಟಿ ಇರುವ ಸ್ಯಾಂಡಲ್, ಗದ್ದಕ್ಕೆ ದಾರ ಕಟ್ಟುವ ಅಗಲ ಅಂಚಿನ ಟೋಪಿ, ತೆಳು ಹತ್ತಿಯ ತುಂಬುತೋಳಿನ ಅಂಗಿ, ನೆನೆಸಿ ಕುತ್ತಿಗೆಗೆ ಹಾಕಲು ಒಂದೊಂದು ಪಂಚೆ ತುಂಡು. ತಳ್ಳುಗಾಡಿ ಬೇಡ. ಕಲ್ಲುಹಾಸಿನ ಸಂದಿನಲ್ಲಿ ಅದರ ಚಕ್ರ ಸಿಕ್ಕಿಕೊಳ್ಳುತ್ತದೆ, ಬಹಳ ಕಡೆ ಹೊಸ್ತಿಲು, ಮೆಟ್ಟಿಲು. ಎರಡು ವರ್ಷದೊಳಗಿನ ಕೂಸಿದ್ದರೆ ಬೆನ್ನಿಗೆ ಹಾಕುವ ಕ್ಯಾರಿಯರ್ ಸರಿ, ಆದರೆ ನಿಮ್ಮ ಮೈಬಿಸಿ ಅದಕ್ಕೂ ತಾಗುವುದರಿಂದ ಇಪ್ಪತ್ತು ನಿಮಿಷಕ್ಕೊಮ್ಮೆ ಇಳಿಸಿ ಗಾಳಿಗೆ ಬಿಡಬೇಕು.

ನೀರು: ಪ್ರತಿ ಸುತ್ತಿಗೆ ದೊಡ್ಡವರಿಗೆ ತಲಾ ಒಂದು ಲೀಟರ್, ಮಕ್ಕಳಿಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲ, ಮೇಲೆ ಕೈಕಾಲು ತೊಳೆಯಲು, ಬಟ್ಟೆ ನೆನೆಸಲು ಒಂದು ಬಾಟಲಿ. ಕೇಳಿದಾಗ ಕೊಡುವುದಲ್ಲ, ಕಾಲು ಗಂಟೆಗೊಮ್ಮೆ ಎರಡು ಗುಟುಕು ಕುಡಿಸುತ್ತಿರಬೇಕು. ಓಆರ್‌ಎಸ್ ಪೊಟ್ಟಣಗಳು ನಾಲ್ಕೈದು ಇರಲಿ. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ. ಮೇಲೆ ಬರೆದಿರುತ್ತದೆ, ಓದಿಯೇ ಬೆರೆಸಿ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಬೆರೆಸಿದ್ದು 24 ಗಂಟೆಯ ಮೇಲೆ ಚೆಲ್ಲಿಬಿಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಇನ್ನೊಂದು ವಸ್ತು ಮನೆಯಲ್ಲೇ ಮಾಡಿಕೊಳ್ಳಿ, ನಾಲ್ಕನೇ ದಿನಕ್ಕೆ ಬೇಕು. ಶೂ ಪೆಟ್ಟಿಗೆಯ ಒಂದು ಚಿಕ್ಕ ಬದಿಯಲ್ಲಿ ಬೆರಳಗಲದ ಕಿಟಕಿ ಕೊರೆದು ಅಲ್ಯೂಮಿನಿಯಂ ಹಾಳೆ ಅಂಟಿಸಿ, ಅದರ ನಡುವೆ ಗುಂಡುಸೂಜಿಯಿಂದ ಒಂದೇ ಒಂದು ತೂತು ಮಾಡಿ. ಎದುರಿನ ಬದಿಯನ್ನು ಪೂರ್ತಿ ಕತ್ತರಿಸಿ ಬಟರ್ ಪೇಪರ್ ಅಂಟಿಸಿ. ಮುಚ್ಚಳದ ಸಂದುಗಳಿಗೆಲ್ಲ ಟೇಪ್ ಹಾಕಿ ಬೆಳಕು ನುಗ್ಗದಂತೆ ಮಾಡಿ. ತೂತನ್ನು ಬಿಸಿಲಿನಲ್ಲಿರುವ ಮರದ ಕಡೆ ಹಿಡಿದು, ತಲೆಗೆ ಕಪ್ಪು ಬೆಡ್‌ಶೀಟ್ ಹೊದ್ದು ಬಟರ್ ಪೇಪರ್ ನೋಡಿದರೆ ಮರ ತಲೆಕೆಳಗಾಗಿ ಕಾಣುತ್ತದೆ. ತೂತು ದೊಡ್ಡದಾದರೆ ಬೆಳಕು ಹೆಚ್ಚು, ಚಿತ್ರ ಮಸುಕು. ಇದನ್ನು ಮಕ್ಕಳ ಕೈಯಿಂದಲೇ ಮಾಡಿಸಿ.

ಮೊದಲ ದಿನ: ಸಂಜೆ ಮಾತ್ರ ಹೇಮಕೂಟ

ರೈಲು ಬೆಳಗ್ಗೆ ಹೊಸಪೇಟೆ ತಲುಪುತ್ತದೆ. ಇಳಿದ ಕೂಡಲೇ ಹಂಪಿ ನೋಡಲು ಓಡಬೇಕೆನಿಸುವುದು ಸಹಜ, ತಡೆದುಕೊಳ್ಳಿ. ಸ್ಟೇಷನ್ ಹತ್ತಿರ ಇಡ್ಲಿ ತಿನ್ನಿಸಿ, ಆಟೋ ಹಿಡಿದು ಕಮಲಾಪುರಕ್ಕೆ ಬನ್ನಿ. ಸಾಮಾನು ಕಡಿಮೆಯಿದ್ದರೆ ಬಸ್ ನಿಲ್ದಾಣದಿಂದ ಸಾರಿಗೆ ಬಸ್ಸುಗಳೂ ಇವೆ. ರೂಮು ಹನ್ನೆರಡಕ್ಕೇ ಕೊಡುವುದು ಎನ್ನುವ ಕಡೆ ಬೇಗ ಬರುತ್ತೇವೆಂದು ಬುಕಿಂಗ್ ಮಾಡುವಾಗಲೇ ಹೇಳಿ ಒಪ್ಪಿಸಿರಬೇಕು. ಇಲ್ಲದಿದ್ದರೆ ನಿದ್ದೆಗೆಟ್ಟ ಮಕ್ಕಳನ್ನು ಕಟ್ಟಿಕೊಂಡು ರಿಸೆಪ್ಷನ್‌ನಲ್ಲಿ ನಾಲ್ಕು ಗಂಟೆ ಕಳೆಯಬೇಕಾಗುತ್ತದೆ.

ಮಧ್ಯಾಹ್ನದೊಳಗೆ ಆಟೋದವರ ಜೊತೆ ಮಾತು ಮುಗಿಸಿ. ಇಲ್ಲಿ ಆಟೋಗಳು ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ಬರುತ್ತವೆ. ನಿಮಗೆ ಬೇಕಾದ್ದು ಬೆಳಗಿನ ಮೂರು-ನಾಲ್ಕು ಗಂಟೆ, ಸಂಜೆಯ ಎರಡು-ಮೂರು ಗಂಟೆ. ಯಾವ ಯಾವ ಜಾಗ, ಎಷ್ಟು ಹೊತ್ತು ಕಾಯಬೇಕು, ಮಧ್ಯಾಹ್ನ ರೂಮಿಗೆ ಬಿಡುವುದು ಸೇರಿದೆಯೇ ಎಂದು ಮೊದಲೇ ಬಿಡಿಸಿ ಮಾತಾಡಿದರೆ ಆಮೇಲೆ ತಕರಾರಿಲ್ಲ. ಒಬ್ಬರನ್ನೇ ನಾಲ್ಕೂ ದಿನಕ್ಕೆ ಹಿಡಿದರೆ ಮಕ್ಕಳಿಗೂ ಬಳಕೆಯಾಗುತ್ತದೆ, "ಅಣ್ಣಾ, ಎಳನೀರು" ಎಂದರೆ ಎಲ್ಲಿ ನಿಲ್ಲಿಸಬೇಕೆಂದು ಅವರಿಗೇ ಗೊತ್ತಿರುತ್ತದೆ.

ಐದು ಗಂಟೆಗೆ ಹೊರಡಿ. ಏಪ್ರಿಲ್–ಮೇ ತಿಂಗಳಲ್ಲಿ ಹಂಪಿಯಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲರ ಸುಮಾರಿಗೆ. ಹೇಮಕೂಟ ಬೆಟ್ಟಕ್ಕೆ ವಿರೂಪಾಕ್ಷ ದೇವಸ್ಥಾನದ ಕಡೆಯಿಂದಲೂ ಹತ್ತಬಹುದು, ಆದರೆ ಮಕ್ಕಳಿಗೆ ಸುಲಭ ರಸ್ತೆಯ ಬದಿಯಿಂದ. ಅಲ್ಲಿಳಿದರೆ ಮೊದಲು ಸಿಗುವುದು ಸಾಸಿವೆಕಾಳು ಗಣಪತಿ, ಎರಡೂವರೆ ಮೀಟರಿಗೆ ತುಸು ಕಡಿಮೆ ಎತ್ತರದ ಒಂದೇ ಕಲ್ಲಿನ ಮೂರ್ತಿ. ಬಹುತೇಕರು ಮುಂದಿನಿಂದ ಫೋಟೋ ಹೊಡೆದು ಹೊರಟುಬಿಡುತ್ತಾರೆ. ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡು ಹೋಗಿ. ಗಣಪತಿಯ ಬೆನ್ನ ಕಡೆ ಒಬ್ಬ ಹೆಂಗಸು ಕೂತಂತೆ ಬೆನ್ನು, ಜಡೆ ಕಾಣುತ್ತದೆ; ಅಮ್ಮನ ತೊಡೆಯ ಮೇಲೆ ಕೂತ ಗಣಪ ಅವನು. "ಹಿಂದೆ ಯಾರಿದ್ದಾರೆ ಹೇಳು" ಎಂದು ಕೇಳಿ ಸುಮ್ಮನಿರಿ, ಅವರೇ ಕಂಡುಹಿಡಿಯಲಿ. ಅಲ್ಲೇ ಮೇಲೆ ಕಡಲೆಕಾಳು ಗಣಪತಿ, ನಾಲ್ಕೂವರೆ ಮೀಟರ್ ಎತ್ತರ. ಅದರ ಮುಂದಿನ ಮಂಟಪದ ತೆಳು ಕಂಬಗಳ ನಡುವೆ ಗಾಳಿ ಚೆನ್ನಾಗಿ ಬೀಸುತ್ತದೆ, ನೀರು ಕುಡಿಯಲು ಹೇಳಿ ಮಾಡಿಸಿದ ಜಾಗ.

ಅಲ್ಲಿಂದ ಇಳಿಜಾರು ಬಂಡೆಯ ಮೇಲೆ ಹತ್ತು-ಹದಿನೈದು ನಿಮಿಷ ನಡೆದರೆ ಹೇಮಕೂಟದ ನೆತ್ತಿ. ಸಣ್ಣ ಸಣ್ಣ ಗುಡಿಗಳು, ಅವುಗಳ ಮೆಟ್ಟಿಲು ಮೆಟ್ಟಿಲಾದ ಶಿಖರಗಳು, ಕೆಳಗೆ ವಿರೂಪಾಕ್ಷನ ಗೋಪುರ, ಆಚೆ ತುಂಗಭದ್ರೆ. ಐದೂಕಾಲಕ್ಕೆ ಮುಂಚೆ ಮೇಲೆ ಹೋದರೆ ಬಂಡೆಯ ಝಳ ಕೂರಲು ಬಿಡುವುದಿಲ್ಲ. ಅಂಚುಗಳಿಗೆ ಕಂಬಿಯಿಲ್ಲ, ಓಡುವ ಮಕ್ಕಳಿಗೆ ತಲಾ ಒಬ್ಬ ದೊಡ್ಡವರು. ಕತ್ತಲಾದ ಮೇಲೆ ಇಳಿಯುವುದು ಬೇಡ. ಸೂರ್ಯ ಕಂತಿದ ಹತ್ತು ನಿಮಿಷಕ್ಕೆ ಇಳಿಯಲು ಶುರು ಮಾಡಿ, ಟಾರ್ಚ್ ಕೈಯಲ್ಲಿರಲಿ. ಸೂರ್ಯಾಸ್ತಕ್ಕೆ ಮತಂಗ ಬೆಟ್ಟವೇ ಚೆಂದ ಎಂದು ಕೆಲವರು ಹೇಳುತ್ತಾರೆ. ಚೆಂದ ಹೌದು, ಆದರೆ ಕಡಿದಾದ ಮೆಟ್ಟಿಲು. ಎಂಟು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೇ ಬೇಡ.

ಎರಡನೇ ದಿನ: ಒಂದು ಟಿಕೆಟ್, ಮೂರು ಜಾಗ

ಹಂಪಿಯ ಬಹುಪಾಲು ಸ್ಮಾರಕಗಳಿಗೆ ಟಿಕೆಟ್ ಇಲ್ಲ. ಪುರಾತತ್ವ ಇಲಾಖೆಯ ಟಿಕೆಟ್ ಬೇಕಿರುವುದು ವಿಠ್ಠಲ ದೇವಸ್ಥಾನ, ಕಮಲ ಮಹಲ್–ಗಜಶಾಲೆ ಇರುವ ರಾಣಿವಾಸದ ಆವರಣ ಮತ್ತು ಮ್ಯೂಸಿಯಂಗೆ. ಭಾರತೀಯರಿಗೆ 40 ರೂಪಾಯಿ, 15 ವರ್ಷದೊಳಗಿನವರಿಗೆ ಉಚಿತ. ಒಮ್ಮೆ ತೆಗೆದ ಟಿಕೆಟ್ ಮೂರಕ್ಕೂ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ಸಂಜೆ ವಿಠ್ಠಲಕ್ಕೆ ಹೋಗಿ ಟಿಕೆಟ್ ತೆಗೆದವರು ಮರುದಿನ ಗಜಶಾಲೆಗೆ ಮತ್ತೆ ದುಡ್ಡು ಕೊಡಬೇಕು. ಹಾಗಾಗಿ ಮೂರನ್ನೂ ಒಂದೇ ದಿನಕ್ಕೆ ಕಟ್ಟಿ, ಟಿಕೆಟ್ಟನ್ನು ಪರ್ಸಿನಲ್ಲಿ ಜೋಪಾನ ಮಾಡಿ.

ಈ ಟಿಕೆಟ್ ಜಾಗಗಳು ಸೂರ್ಯೋದಯಕ್ಕೆ ತೆರೆಯುವುದಿಲ್ಲ, ಸಾಮಾನ್ಯವಾಗಿ ಎಂಟೂವರೆಗೆ. ಆದ್ದರಿಂದ ಈ ದಿನ ಮಕ್ಕಳು ತುಸು ಹೆಚ್ಚು ಮಲಗಲಿ, ತಿಂಡಿ ರೂಮಿನಲ್ಲೇ ಆಗಲಿ. ಎಂಟೂಕಾಲಕ್ಕೆ ವಿಠ್ಠಲದ ವಾಹನ ನಿಲ್ದಾಣದಲ್ಲಿರಿ. ಅಲ್ಲಿಂದ ದೇವಸ್ಥಾನ ಒಂದು ಕಿಲೋಮೀಟರಿಗೂ ಹೆಚ್ಚು ದೂರ. ಬ್ಯಾಟರಿ ಗಾಡಿಗಳು ಓಡುತ್ತವೆ, ಅದರ ಟಿಕೆಟ್ ಬೇರೆ. ಹತ್ತರ ಹೊತ್ತಿಗೆ ಗಾಡಿಗೆ ಉದ್ದನೆಯ ಸಾಲು, ಬಿಸಿಲು ಬೇರೆ. ಮೊದಲ ಗಾಡಿಗಳಲ್ಲಿ ಹೋದವರಿಗೆ ಆವರಣವೂ ಖಾಲಿ, ಕಲ್ಲೂ ತಂಪು. ಶೌಚಾಲಯದ ಕೆಲಸ ಗಾಡಿ ಹತ್ತುವ ಮುಂಚೆ ಮುಗಿಸಿ. ಚಿಲ್ಲರೆ ನಗದು ಇರಲಿ, ಮೊಬೈಲ್ ಸಿಗ್ನಲ್ ನಂಬಿ ನಿಲ್ಲಬೇಡಿ.

ಗಾಡಿಯಲ್ಲಿ ಕೂತಾಗ ಮಕ್ಕಳ ಕೈಗೆ ಹೊಸ 50 ರೂಪಾಯಿ ನೋಟು ಕೊಡಿ. ಹಿಂಬದಿಯಲ್ಲಿರುವುದು ವಿಠ್ಠಲ ದೇವಸ್ಥಾನದ ಆವರಣದ ಕಲ್ಲಿನ ರಥ. ನೋಟು ಹಿಡಿದು ಅದೇ ಕೋನದಲ್ಲಿ ರಥ ಹುಡುಕುವ ಆಟಕ್ಕೆ ಹತ್ತು ನಿಮಿಷ ಬೇಕು. ರಥ ಕಂಡಮೇಲೆ ಇನ್ನೊಂದು ಒಗಟು: ಎಳೆಯುವಂತೆ ಮುಂದೆ ನಿಲ್ಲಿಸಿರುವ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲಗಳ ಕೆತ್ತನೆ ಉಳಿದಿದೆ. ಮೊದಲು ಇದ್ದದ್ದು ಕುದುರೆಗಳು, ಆನೆಗಳನ್ನು ಆಮೇಲೆ ತಂದಿಟ್ಟರು. ರಥ ಅಂದರೂ ಇದು ನಿಜಕ್ಕೆ ವಿಷ್ಣುವಿನ ವಾಹನ ಗರುಡನ ಗುಡಿ. ಮೇಲೆ ಇಟ್ಟಿಗೆಯ ಶಿಖರವಿತ್ತು, ಹತ್ತೊಂಬತ್ತನೇ ಶತಮಾನದ ಹಳೆಯ ಫೋಟೋಗಳಲ್ಲಿ ಅದು ಕಾಣುತ್ತದೆ. ಚಕ್ರಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು, ಸವೆಯುತ್ತವೆಂದು ಈಗ ಅಲುಗದಂತೆ ಮಾಡಿದ್ದಾರೆ. ಸಂಗೀತದ ಕಂಬಗಳನ್ನು ಬಡಿದು ನೋಡುವಂತಿಲ್ಲ, ರಥ ಹತ್ತುವಂತಿಲ್ಲ. ಗಾಡಿಯಲ್ಲೇ ಇದನ್ನು ಹೇಳಿಬಿಡಿ, ಅಲ್ಲಿ ಹೋದಮೇಲೆ ಬೈಯುವುದಕ್ಕಿಂತ ಅದು ಮೇಲು.

ಗೈಡ್ ತೆಗೆದುಕೊಳ್ಳುವುದಾದರೆ ಗುರುತಿನ ಚೀಟಿ ಇರುವವರನ್ನೇ ಕೇಳಿ, ಇದೊಂದೇ ಬೆಳಗಿಗೆ ಒಂದೂವರೆ ಗಂಟೆಯ ಮಾತಾಡಿ. "ಇಸವಿ ಕಡಿಮೆ, ಕತೆ ಹೆಚ್ಚು" ಎಂದು ಮೊದಲೇ ಹೇಳಿ. ವಿಜಯನಗರವನ್ನು 1336ರಲ್ಲಿ ಹಕ್ಕ-ಬುಕ್ಕರು ಕಟ್ಟಿದ್ದು, 1565ರ ರಕ್ಕಸತಂಗಡಿ ಯುದ್ಧದ ನಂತರ ಹಾಳಾದದ್ದು, ಈ ಎರಡು ಇಸವಿ ಮಕ್ಕಳ ತಲೆಯಲ್ಲಿ ಉಳಿದರೆ ಸಾಕು.

ಹತ್ತೂಕಾಲಕ್ಕೆ ಅಲ್ಲಿಂದ ಹೊರಟು ಸೀದಾ ಕಮಲಾಪುರದ ಮ್ಯೂಸಿಯಂ. ಬಿಸಿಲೇರುವ ಹೊತ್ತಿಗೆ ಸೂರಿನ ಕೆಳಗಿರುವ ಜಾಗ ಇದು. ಒಳಗೆ ಹಂಪಿಯ ಬೆಟ್ಟ, ಹೊಳೆ, ದೇವಸ್ಥಾನಗಳನ್ನೆಲ್ಲ ತೋರಿಸುವ ದೊಡ್ಡ ಮಾದರಿಯಿದೆ. ನಿನ್ನೆ ಹತ್ತಿದ ಹೇಮಕೂಟ ಎಲ್ಲಿ, ಇವತ್ತು ನೋಡಿದ ವಿಠ್ಠಲ ಎಲ್ಲಿ, ನಾಳೆ ಹೋಗುವ ಮಹಾನವಮಿ ದಿಬ್ಬ ಎಲ್ಲಿ ಎಂದು ಬೆರಳಿಟ್ಟು ಹುಡುಕಿಸಿ. ಮೊದಲ ದಿನವೇ ಮ್ಯೂಸಿಯಂ ನೋಡಿದರೆ ಮಕ್ಕಳಿಗೆ ಅದು ಬರೀ ಗೊಂಬೆ. ಎರಡು ಜಾಗ ನೋಡಿ ಬಂದಮೇಲೆ ಅದು ಅವರ ಊರಿನ ನಕ್ಷೆ. ಮುಕ್ಕಾಲು ಗಂಟೆ ಸಾಕು. ಆಮೇಲೆ ಮೊಸರನ್ನ, ಸ್ನಾನ, ನಿದ್ದೆ.

ಸಂಜೆ ನಾಲ್ಕಕ್ಕೆ ರಾಣಿವಾಸದ ಆವರಣಕ್ಕೆ ಬನ್ನಿ, ತಡ ಮಾಡಿದರೆ ಒಳಗೆ ಬಿಡುವುದು ನಿಲ್ಲಿಸುತ್ತಾರೆ. ನಾಲ್ಕು ಅಂದರೆ ಬಿಸಿಲು ಇನ್ನೂ ಚುರುಕು, ಹಾಗಾಗಿ ಹುಲ್ಲುಹಾಸಿನ ಮರದ ನೆರಳಲ್ಲಿ ಸ್ವಲ್ಪ ಕೂರಿ. ಕಮಲ ಮಹಲ್ ಹೊರಗಿನಿಂದ ನೋಡುವುದಷ್ಟೇ, ಐದು ನಿಮಿಷದ ಕೆಲಸ. ಹೊತ್ತು ಕೊಡಬೇಕಾದ್ದು ಗಜಶಾಲೆಗೆ. ಉದ್ದಕ್ಕೆ ಹನ್ನೊಂದು ಕೋಣೆ, ಮೇಲೆ ಬೇರೆ ಬೇರೆ ಆಕಾರದ ಗುಮ್ಮಟಗಳು. ಎಡಗಡೆಯ ಮೊದಲ ಗುಮ್ಮಟಕ್ಕೆ ಬಲಗಡೆಯ ಯಾವುದು ಜೋಡಿ ಎಂದು ಮಕ್ಕಳು ಹುಡುಕಲಿ: ನಡುವಿನಿಂದ ಎರಡೂ ಕಡೆ ಸಮ ಬರುತ್ತದೆ. ನಡುವಿನದ್ದು ಒಂಟಿ.

ಮೂರನೇ ದಿನ: ರಾಜಾವರಣ, ಆಮೇಲೆ ಕರಡಿ

ಇವತ್ತು ಬೇಗ ಏಳಬೇಕು, ಆರೂಕಾಲಕ್ಕೆ ಮಹಾನವಮಿ ದಿಬ್ಬದ ಬುಡದಲ್ಲಿರಬೇಕು. ನೆರಳಿಲ್ಲದ್ದು ಮೊದಲು, ನೆರಳಿರುವುದು ಕೊನೆಗೆ. ಈ ಕ್ರಮ ತಿರುವುಮುರುವಾದರೆ ಎಂಟೂವರೆಗೇ ಮಕ್ಕಳು ಸಾಕು ಎನ್ನುತ್ತಾರೆ. ದಿಬ್ಬದ ಮೇಲೆ ಒಂದು ಮರವೂ ಇಲ್ಲ. ಹತ್ತುವ ಮುಂಚೆ ಸುತ್ತ ಒಂದು ಪ್ರದಕ್ಷಿಣೆ ಹಾಕಿ: ಗೋಡೆಯ ಪಟ್ಟಿಗಳಲ್ಲಿ ಆನೆ, ಕುದುರೆ, ಒಂಟೆ, ಬೇಟೆ, ಕುಣಿಯುವ ಹೆಂಗಸರು, ಪರದೇಶದ ಉಡುಗೆ ತೊಟ್ಟ ಗಂಡಸರು. ಒಂಟೆ ಎಲ್ಲಿದೆ ಎಂದು ಮೊದಲು ಕಂಡುಹಿಡಿದವರು ಮೊದಲು ಮೇಲೆ ಹತ್ತುವುದು. ಮೆಟ್ಟಿಲುಗಳು ಎತ್ತರ, ಕೈಹಿಡಿಕೆಯಿಲ್ಲ. ಇಳಿಯುವಾಗ ದೊಡ್ಡವರು ಒಂದು ಮೆಟ್ಟಿಲು ಕೆಳಗೆ ನಿಂತು ಇಳಿಸಬೇಕು.

ದಿಬ್ಬದಿಂದ ಕೆಳಗೆ ನೋಡಿದರೆ ಮೆಟ್ಟಿಲು ಪುಷ್ಕರಣಿ ಕಾಣುತ್ತದೆ. ಇಡೀ ಹಂಪಿಯಲ್ಲಿ ಓದಲು ಕಲಿತಿರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಣ್ಣಿನಡಿ ಹೂತುಹೋಗಿದ್ದ ಇದನ್ನು 1980ರ ದಶಕದಲ್ಲಿ ಅಗೆದು ತೆಗೆದರು. ಕಪ್ಪು ಬಳಪದ ಕಲ್ಲುಗಳ ಮೇಲೆ ಅಲ್ಲಲ್ಲಿ ಅಕ್ಷರಗಳ ಗುರುತುಗಳಿವೆ: ಯಾವ ದಿಕ್ಕು, ಎಷ್ಟನೇ ಸಾಲು ಎಂದು. ಕಲ್ಲುಗಳನ್ನು ಬೇರೆಡೆ ಕೆತ್ತಿ ತಂದು, ಗುರುತು ನೋಡಿ ಜೋಡಿಸಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ. ಅಂಚಿನಲ್ಲಿ ಕೂತು ಮೇಲಿನ ಸಾಲುಗಳಲ್ಲಿ ಗುರುತು ಹುಡುಕಿ, ಕೆಳಗೆ ಇಳಿಯಬೇಡಿ. ಬೆಳಗಿನ ಓರೆ ಬೆಳಕಿನಲ್ಲಿ ಗೆರೆಗಳು ಎದ್ದು ಕಾಣುತ್ತವೆ, ಬಿಸಿಲು ನೆತ್ತಿಗೆ ಬಂದರೆ ಕಾಣುವುದಿಲ್ಲ. ಪಕ್ಕದಲ್ಲೇ ಕಲ್ಲಿನ ಕಂಬಗಳ ಮೇಲೆ ಹಾದುಹೋಗುವ ಕಲ್ಲಿನ ಕಾಲುವೆ. ನೀರು ಎತ್ತರದಿಂದ ತಗ್ಗಿಗೆ ಹರಿಯಬೇಕು, ಹಾಗಾದರೆ ಕಂಬಗಳ ಎತ್ತರ ಯಾವ ಕಡೆ ಕಡಿಮೆಯಾಗುತ್ತದೆ? ಕಾಲುವೆ ಹಿಡಿದು ನಡೆಯುತ್ತ ಮಕ್ಕಳೇ ಉತ್ತರ ಹೇಳುತ್ತಾರೆ.

ಎಂಟರ ಹೊತ್ತಿಗೆ ಹಜಾರರಾಮ ದೇವಸ್ಥಾನ. ಗರ್ಭಗುಡಿಯ ಹೊರಗೋಡೆಯ ಮೇಲೆ ಸಾಲು ಸಾಲಾಗಿ ಇಡೀ ರಾಮಾಯಣ, ಆವರಣದ ಹೊರಗೋಡೆಯ ಮೇಲೆ ಆನೆ-ಕುದುರೆ-ಸೈನಿಕರ ಮೆರವಣಿಗೆ. ಹೊರಡುವ ವಾರದ ಮುಂಚೆ ಮಲಗುವಾಗ ರಾಮಾಯಣದ ಕತೆ ಹೇಳಿದ್ದರೆ ಇಲ್ಲಿ ಗೈಡ್ ಬೇಕಾಗುವುದಿಲ್ಲ. ಒಳಗಿನ ನುಣುಪಾದ ಕಪ್ಪು ಕಂಬಗಳ ನೆರಳಲ್ಲಿ ಅರ್ಧ ಗಂಟೆ ಕೂರಬಹುದು. ಕೊನೆಗೆ ರಾಣಿಯ ಸ್ನಾನಗೃಹ: ಸುತ್ತ ಕಮಾನಿನ ಮೊಗಸಾಲೆ, ನಡುವೆ ಒಣಗಿದ ಕೊಳ. ಹತ್ತೂವರೆಯೊಳಗೆ ರೂಮು.

ದಾರಿಯಲ್ಲಿ ನೆಲಮಟ್ಟಕ್ಕಿಂತ ಕೆಳಗಿರುವ ಶಿವ ದೇವಸ್ಥಾನ ಸಿಗುತ್ತದೆ. ಒಳಗೆ ನೀರು ನಿಂತಿರುವುದುಂಟು, ನೆಲ ಜಾರುತ್ತದೆ, ಬಾವಲಿಗಳಿರುತ್ತವೆ. ಮೇಲಿನಿಂದ ನೋಡಿ ಮುಂದೆ ಹೋಗಿ.

ಮೂರನೇ ದಿನದ ಹೊತ್ತಿಗೆ ಮಕ್ಕಳಿಗೆ ಕಲ್ಲು ಸಾಕಾಗಿರುತ್ತದೆ, ಸಂಜೆ ದರೋಜಿ ಕರಡಿಧಾಮ. ಕಮಲಾಪುರದಿಂದ ಹದಿನೈದು ಕಿಲೋಮೀಟರಿನಷ್ಟು, 1994ರಲ್ಲಿ ಘೋಷಣೆಯಾದದ್ದು. ತೆರೆಯುವುದು ಮಧ್ಯಾಹ್ನದ ನಂತರ, ಸಂಜೆ ಆರಕ್ಕೆ ಮುಚ್ಚುತ್ತದೆ. ವೀಕ್ಷಣಾ ಗೋಪುರದಿಂದ ಎದುರಿನ ಬಂಡೆಗುಡ್ಡದ ಕಡೆ ನೋಡುತ್ತ ಕೂರಬೇಕು. ಬಿಸಿಲು ತಗ್ಗಿದಂತೆ ಕರಡಿಗಳು ಗವಿಗಳಿಂದ ಇಳಿದು ಬರುತ್ತವೆ. ದೂರ ಇರುವುದರಿಂದ ಬೈನಾಕ್ಯುಲರ್ ಇಲ್ಲದಿದ್ದರೆ ಕಪ್ಪು ಚುಕ್ಕಿಗಳಷ್ಟೇ. ಸದ್ದು ಮಾಡುವಂತಿಲ್ಲ, ಆದ್ದರಿಂದ ಚಿತ್ರ ಬರೆಯಲು ಕಾಗದ, ಪೆನ್ಸಿಲ್ ಕೊಟ್ಟು ಕೂರಿಸಿ. ಕುರುಕುರು ಸದ್ದಿನ ಪ್ಯಾಕೆಟ್ಟು ತಿಂಡಿ ಬೇಡ. ಕರಡಿ ಬಾರದೆಯೂ ಇರಬಹುದು, ನವಿಲುಗಳಂತೂ ಇರುತ್ತವೆ. ಮೂರು ವರ್ಷದೊಳಗಿನ ಮಗುವಿದ್ದರೆ ಇದನ್ನು ಬಿಟ್ಟು ರೂಮಿನಲ್ಲೇ ಸಂಜೆ ಕಳೆಯುವುದು ಎಲ್ಲರಿಗೂ ಸುಖ.

ನಾಲ್ಕನೇ ದಿನ: ವಿರೂಪಾಕ್ಷ, ತಲೆಕೆಳಗಿನ ಗೋಪುರ

ವಿರೂಪಾಕ್ಷನನ್ನು ಕೊನೆಗೆ ಇಟ್ಟಿರುವುದಕ್ಕೆ ಕಾರಣವಿದೆ: ಇಲ್ಲಿ ಬರಿಗಾಲು, ಕೋತಿ, ಜನ ಮೂರೂ ಇವೆ. ಆ ಹೊತ್ತಿಗೆ ಮಕ್ಕಳು ಹೇಳಿದ ಮಾತು ಕೇಳುವಷ್ಟು ಊರಿಗೆ ಹೊಂದಿಕೊಂಡಿರುತ್ತಾರೆ. ಏಳು ಗಂಟೆಯೊಳಗೆ ಬನ್ನಿ. ಬಾಳೆಹಣ್ಣು, ಬಿಸ್ಕತ್ತು, ಪ್ಲಾಸ್ಟಿಕ್ ಚೀಲ ಯಾವುದೂ ಕೈಯಲ್ಲಿ ಕಾಣಬಾರದು. ಕೋತಿ ಕಸಿದುಕೊಳ್ಳುವುದು ಹೆಚ್ಚಾಗಿ ಮಗುವಿನ ಕೈಯಿಂದಲೇ. ಕಸಿದರೆ ಬಿಟ್ಟುಬಿಡಿ, ಎಳೆದಾಡಿದರೆ ಕಚ್ಚುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಲ್ಲಿ ತೊಳೆದು ಅದೇ ದಿನ ರೇಬಿಸ್ ಚುಚ್ಚುಮದ್ದಿಗೆ ಆಸ್ಪತ್ರೆಗೆ ಹೋಗಬೇಕು.

ಪೂರ್ವದ ಗೋಪುರಕ್ಕೆ ಒಂಬತ್ತು ನೆಲೆ, ಎತ್ತರ 50 ಮೀಟರಿನ ಹತ್ತಿರ. ಒಳಗೆ ಕೃಷ್ಣದೇವರಾಯ 1510ರಲ್ಲಿ ಕಟ್ಟಿಸಿದ ರಂಗಮಂಟಪದ ಮಾಡಿನಲ್ಲಿ ಬಣ್ಣದ ಚಿತ್ರಗಳಿವೆ. ಕತ್ತು ನೋಯಿಸಿಕೊಂಡು ನೋಡುವ ಬದಲು ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು ಅಂಗೈಯಲ್ಲಿಟ್ಟು ತೋರಿಸಿ, ಮಕ್ಕಳು ಕೆಳಗೆ ನೋಡುತ್ತಲೇ ಮೇಲಿನದ್ದನ್ನು ನೋಡುತ್ತಾರೆ.

ಗರ್ಭಗುಡಿಯ ಹಿಂದೆ, ಸಾಲುಮಂಟಪದ ಕತ್ತಲೆ ಕೋಣೆಯಲ್ಲಿ ಗೋಡೆಯ ಮೇಲೆ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಒಳಗೆ ಹೋದ ಕೂಡಲೇ ಕಾಣುವುದಿಲ್ಲ, ಕಣ್ಣು ಕತ್ತಲೆಗೆ ಹೊಂದಲು ಒಂದು ನಿಮಿಷ ಬೇಕು. ಮೊಬೈಲ್ ಟಾರ್ಚ್ ಹಾಕಿದರೆ ನೆರಳು ಮಾಯ. ಮೋಡವಿದ್ದರೆ ಮಸುಕು. ಗೋಪುರದ ತುದಿಯಿಂದ ಹೊರಟ ಬೆಳಕು ಕಿಂಡಿ ದಾಟಿ ನೇರ ಹೋಗಿ ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲಕ್ಕೆ. ಶೂ ಪೆಟ್ಟಿಗೆ ಮಾಡಿದ ಮಗುವಿಗೆ ಇದನ್ನು ವಿವರಿಸಬೇಕಾಗಿಲ್ಲ, ಕಿಂಡಿ ಎಲ್ಲಿದೆ ಎಂದು ಅದೇ ಹುಡುಕಲು ಹೊರಡುತ್ತದೆ.

ಹಿಂದಿನ ಹೊಳೆಗೆ ಮಕ್ಕಳನ್ನು ಇಳಿಸಬೇಡಿ. ಬೇಸಿಗೆಯಲ್ಲಿ ನೀರು ಕಡಿಮೆ ಕಂಡರೂ ಬಂಡೆಗಳ ನಡುವೆ ಆಳದ ಮಡುಗಳಿವೆ, ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ಹರಿಗೋಲು ಹತ್ತುವುದಾದರೆ ಮಗುವಿನ ಅಳತೆಯ ಲೈಫ್ ಜಾಕೆಟ್ ಇದ್ದರೆ ಮಾತ್ರ. ದೊಡ್ಡವರದ್ದನ್ನು ಚಿಕ್ಕವರಿಗೆ ಹಾಕಿದರೆ ನೀರಿನಲ್ಲಿ ತಲೆಯಿಂದ ಕಳಚಿಹೋಗುತ್ತದೆ. ಹೊಳೆಯಾಚೆಯ ಅಂಜನಾದ್ರಿಗೆ 570ಕ್ಕೂ ಹೆಚ್ಚು ಮೆಟ್ಟಿಲು, ಬೇಸಿಗೆಯಲ್ಲಿ ಪುಟ್ಟ ಕಾಲುಗಳಿಗೆ ಅದು ಹೆಚ್ಚಾಯಿತು. ಆನೆಗೊಂದಿಯನ್ನು ಚಳಿಗಾಲಕ್ಕೆ ಬಿಡಿ.

ಮರಳುವಾಗ ದಾರಿಯಲ್ಲಿ ಉಗ್ರನರಸಿಂಹ: 1528, ಒಂದೇ ಬಂಡೆ, 6.7 ಮೀಟರ್. ತೊಡೆಯ ಮೇಲಿದ್ದ ಲಕ್ಷ್ಮಿ ಈಗಿಲ್ಲ, ಅವಳ ಒಂದು ಕೈ ಮಾತ್ರ ನರಸಿಂಹನ ಬೆನ್ನಿನ ಮೇಲೆ ಉಳಿದಿದೆ. ಪಕ್ಕದ ಬಡವಿಲಿಂಗದ ಬುಡ ನೀರಿನಲ್ಲಿ. ಒಂಬತ್ತೂವರೆಗೆ ಮುಗಿಯುತ್ತದೆ.

ಇನ್ನು ರಾತ್ರಿ ರೈಲಿನವರೆಗೆ ಹತ್ತು ಗಂಟೆಗೂ ಹೆಚ್ಚು ಹೊತ್ತು ಉಳಿಯುತ್ತದೆ, ಯೋಜನೆ ಹಳಿ ತಪ್ಪುವುದು ಇಲ್ಲೇ. ಹನ್ನೆರಡಕ್ಕೆ ರೂಮು ಖಾಲಿ ಮಾಡಿ, "ಇನ್ನೊಂದೆರಡು ಜಾಗ ನೋಡೋಣ" ಎಂದು ಮಧ್ಯಾಹ್ನದ ಬಿಸಿಲಿಗೆ ಬೀಳುವವರಿದ್ದಾರೆ, ಮಕ್ಕಳಿಗೆ ಬಿಸಿಲು ಬಡಿಯುವುದು ಹೆಚ್ಚಾಗಿ ಈ ದಿನವೇ. ರೂಮನ್ನು ಸಂಜೆವರೆಗೆ ಅರ್ಧ ದಿನದ ಬಾಡಿಗೆಗೆ ಮುಂದುವರಿಸಿ. ಮಗು ಮಂಕಾದರೆ, ತಲೆನೋವು ಎಂದರೆ, ಉಚ್ಚೆ ಗಾಢ ಹಳದಿಯಾದರೆ ನೆರಳಲ್ಲಿ ಮಲಗಿಸಿ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಮೈ ಸುಡುತ್ತಿದ್ದು, ವಾಂತಿಯಾಗಿ, ತಡವರಿಸಿ ಮಾತಾಡಿದರೆ ಅಥವಾ ಪ್ರಜ್ಞೆ ಮಂಕಾದರೆ ಅದು ಶಾಖಾಘಾತ. ಬಟ್ಟೆ ಸಡಿಲಿಸಿ, ಇಡೀ ಮೈ ಒದ್ದೆ ಮಾಡಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಪ್ಯಾರಾಸಿಟಮಾಲ್ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಐದೂವರೆಗೆ ಮಕ್ಕಳಿಗೆ ಸ್ನಾನ ಮಾಡಿಸಿ, ರಾತ್ರಿಯ ಬಟ್ಟೆಯನ್ನೇ ಹಾಕಿ ಹೊರಡಿ. ಹೊಸಪೇಟೆಯಲ್ಲಿ ದೊಡ್ಡವರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಮಕ್ಕಳಿಗೆ ಖಾರವಿಲ್ಲದ ಇಡ್ಲಿಯೋ ಅನ್ನ-ಮೊಸರೋ. ಕುಡಿಯುವ ನೀರಿನ ಬಾಟಲಿಗಳನ್ನು ಸ್ಟೇಷನ್ನಿಗೆ ಹೋಗುವ ಮುಂಚೆ ತುಂಬಿಸಿಕೊಳ್ಳಿ. ಅರ್ಧ ಗಂಟೆ ಮುಂಚೆ ಪ್ಲಾಟ್‌ಫಾರ್ಮಿನಲ್ಲಿದ್ದು ಕೋಚ್ ಎಲ್ಲಿ ಬರುತ್ತದೆ ಎಂದು ನೋಡಿ ಅಲ್ಲೇ ನಿಲ್ಲಿ. ರೈಲು ಹೊಸಪೇಟೆಯಲ್ಲಿ ಕೆಲವೇ ನಿಮಿಷ ನಿಲ್ಲುತ್ತದೆ, ನಿದ್ದೆಗಣ್ಣಿನ ಮಕ್ಕಳು, ಸಾಮಾನು ಎರಡನ್ನೂ ಎತ್ತಿಕೊಂಡು ಉದ್ದಕ್ಕೆ ಓಡಲು ಆಗುವುದಿಲ್ಲ.